ಇನ್ನೂ ಸಮರ್ಥರಲ್ಲ

ಪೆನ್ನಿನ ಬದಲು ಪೆನ್ಸಿಲ್ ತರಬೇಕಿತ್ತು ಎಂದು ನಿಧಿಗೆ ಅನ್ನಿಸಿದ್ದು, ಚಿಕ್ಕಮ್ಮ ಗಂಗವ್ವ ಕಾಕೂ ಕಲ್ಲೆತ್ತುವ ಫೋರ್ಕ್‌ಲಿಫ್ಟಿನ ಮುಂದಿನ ಗಾಲಿಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಡುತ್ತಿದ್ದಾಗ. ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಒರೆಸಬಹುದು, ಒರೆಸಿದ ಮೇಲೂ ತಾನು ಒಮ್ಮೆ ಬರೆದಿದ್ದೆ ಎಂಬ ಸಮಾಧಾನ ಉಳಿಯುತ್ತದೆ. ಅವಳ ಇಪ್ಪತ್ತಾರು ವರ್ಷದ ಧೈರ್ಯವೆಲ್ಲ ಈ ಬಗೆಯದೇ. ಎದೆಗೆ ಅವಚಿಕೊಂಡ ರಟ್ಟಿನ ಮೇಲಿನ ಚಾಲಕರ ಪರೀಕ್ಷೆಯ ಹಾಳೆಯಲ್ಲಿ ಇಪ್ಪತ್ತೆರಡು ಸಾಲುಗಳಿದ್ದವು. ಕೊನೆಯಲ್ಲಿ ಎರಡು ಚೌಕ. ಮೊದಲನೆಯದರ ಎದುರು ಸಮರ್ಥರು ಎಂಬರ್ಥದ ಒಂದು ಇಂಗ್ಲಿಷ್ ಮಾತು, ಎರಡನೆಯದರ ಎದುರು ಇನ್ನೂ ಸಮರ್ಥರಲ್ಲ ಎಂಬರ್ಥದ ಮಾತು. ಆ 'ಇನ್ನೂ' ಸೇರಿಸಿದ ಪುಣ್ಯಾತ್ಮನಿಗೆ ಯಾರನ್ನೂ ನೋಯಿಸುವ ಮನಸ್ಸಿರಲಿಲ್ಲವೇನೋ. ಇಪ್ಪತ್ತು ವರ್ಷದವನಿಗೆ ಅದು ಬೆನ್ನು ಸವರಿದಂತೆ. ಆದರೆ ಅರವತ್ತಾರು ತುಂಬಿದ, ಮೂವತ್ತು ವರ್ಷದಿಂದ ಈ ಸ್ಟಾಫರ್ಡಿನ ಕಲ್ಲಿನ ಯಾರ್ಡಿನಲ್ಲಿ ಸ್ವಂತ ಫೋರ್ಕ್‌ಲಿಫ್ಟ್ ಓಡಿಸುತ್ತಿರುವ, ಅವಳಿಗೆ ಊಟ ಹಾಕಿ ಮನೆಯ ಮೇಲಿನ ಕೋಣೆ ಬಿಟ್ಟುಕೊಟ್ಟಿರುವ, ಕಾಕೂನ ಗಂಡ ಇರಣ್ಣ ಕಾಕಾನಿಗೆ ಇನ್ನೂ ಎಂದರೆ, ಇನ್ನು ಯಾವಾಗ?

ಆ ಚೌಕಕ್ಕೆ ಗೀಟು ಹಾಕುವ ಪ್ರಸಂಗ ಬರಬಾರದು ಎಂದು ಅವಳು ಮುಂಜಾನೆಯಿಂದ ಬೇಡಿಕೊಳ್ಳುತ್ತಿದ್ದಳು. ಬರುತ್ತದೆ ಎಂದೂ ಅವಳಿಗೆ ಗೊತ್ತಿತ್ತು. ಗುರುವಾರ ಪೇರ್ಲ್ಯಾಂಡಿನಲ್ಲಿ ಕಟ್ಟುತ್ತಿರುವ ದೊಡ್ಡ ಕ್ಲಿನಿಕ್ಕಿಗೆ ಇಳಕಲ್ಲಿನ ಕೆಂಪು ಗ್ರಾನೈಟ್ ಇಳಿಸಿಕೊಡಬೇಕು. ಹೋದ ವಾರ ಕಾಕಾ ಯಂತ್ರವನ್ನು ಟ್ರೇಲರಿಗೆ ಏರಿಸಿಕೊಂಡು ಅಲ್ಲಿಗೆ ಹೋಗಿದ್ದರು. ಗೇಟಿನ ಸೆಕ್ಯೂರಿಟಿಯವನು ಅವರ ಆಪರೇಟರ್ ಕಾರ್ಡನ್ನು ಬಿಸಿಲಿಗೆ ಹಿಡಿದು ನೋಡಿ, ಸರ್, ಇದರ ಅವಧಿ ಮುಗಿದು ನಾಲ್ಕು ತಿಂಗಳಾಯಿತು ಎಂದು, ಸರ್ ಎಂಬುದನ್ನು ಮೂರು ಸಲ ಹೇಳಿ, ಕಲ್ಲಿನ ಸಮೇತ ವಾಪಸು ಕಳಿಸಿದ್ದ. ಕಾಕಾ ಮನೆಗೆ ಬಂದು ಯಾರಿಗೂ ಬೈಯದೆ ಎರಡೇ ರೊಟ್ಟಿ ತಿಂದು ಎದ್ದಿದ್ದರು. ಅವರು ಬೈಯದೇ ಇದ್ದುದು ಮನೆಯವರಿಗೆ ಗಾಬರಿ ಹುಟ್ಟಿಸಿತ್ತು. ಮೂರು ವರ್ಷಕ್ಕೊಮ್ಮೆ ಯಾರ್ಡಿನಲ್ಲೇ ಪರೀಕ್ಷೆಯಾಗಿ ಕಾರ್ಡು ಹೊಸದಾಗಬೇಕು; ಹಿಂದಿನ ಎರಡು ಸಲ ಅವರನ್ನು ಪಾಸು ಮಾಡಿದವನು ಮಗ ಸಂಗಮೇಶ್. ಆ ದಿನಗಳಲ್ಲಿ ಯಾರ್ಡಿನ ಪರೀಕ್ಷಕನೆಂದು ಅವನ ಹೆಸರೇ ಇತ್ತು. ಆದರೆ ಅವನು ಇದ್ದದ್ದು ಡಲ್ಲಾಸ್ ಕಡೆಯ ಲೂಯಿಸ್‌ವಿಲ್‌ನಲ್ಲಿ. ಅಪ್ಪಾ, ಆರಾಮಿದ್ದಿಯಲ್ಲ, ಗಾಡಿ ಆರಾಮೈತಿಯಲ್ಲ ಎಂದು ಫೋನಿನಲ್ಲಿ ವಿಚಾರಿಸಿ, ಇಪ್ಪತ್ತೆರಡಕ್ಕೆ ಇಪ್ಪತ್ತೆರಡು ಹಾಕಿ ಸಹಿ ಮಾಡಿ ಕಳಿಸುತ್ತಿದ್ದ. ಈಗ ಆ ಅಧಿಕಾರ ನಿಧಿಯದು. ಇಂಡಸ್ಟ್ರಿಯಲ್ ಸೇಫ್ಟಿಯಲ್ಲಿ ಎಂ.ಎಸ್. ಮಾಡಿಯೂ ಇಂಟರ್‌ವ್ಯೂಗಳಲ್ಲಿ ಬಾಯಿ ಬಿಡದೆ ಕೂತು ಬಂದವಳನ್ನು ಯಾರ್ಡಿನಲ್ಲಿ ಏನಾದರೂ ಮಾಡಬೇಕಲ್ಲ ಎಂದು, ಕಾಕಾನೇ ಆಸ್ಟಿನ್ನಿಗೆ ನಾಲ್ಕು ದಿನದ ಪರೀಕ್ಷಕರ ತರಬೇತಿಗೆ ಕಳಿಸಿದ್ದರು. ಹದಿನಾಲ್ಕು ಗಂಡಸರ ನಡುವೆ ಅವಳೊಬ್ಬಳೇ ಹೆಂಗಸು. ಯಂತ್ರ ಏರಿದಾಗ ಅವಳ ಕೈ ತಾನಾಗಿ ಕೆಲಸ ಮಾಡಿತ್ತು. ಎತ್ತು, ತಗ್ಗಿಸು, ಹೊರಳು, ಒಂದೂ ತಪ್ಪಲಿಲ್ಲ. ಕೆಳಗಿಳಿದು ನಿಲ್ಲಿಸು ಎಂದು ಕೂಗಬೇಕಾದಾಗ ಮಾತ್ರ ದನಿ ಎರಡು ಮಾರು ದಾಟಲಿಲ್ಲ. ಮೇಷ್ಟರು ಅವಳೊಬ್ಬಳನ್ನೇ ಮೈದಾನದ ಆ ತುದಿಗೆ ನಿಲ್ಲಿಸಿ ಮೂರು ಸಲ ಕೂಗಿಸಿದ್ದರು, ಹದಿನಾಲ್ಕು ಜನ ಬರ್ಗರ್ ತಿನ್ನುತ್ತ ಅದನ್ನು ನೋಡಿದ್ದರು. ಯಾರ್ಡಿನಲ್ಲೂ ಅವಳು ಕೂಗುವುದಿಲ್ಲ. ಬಂದ ಮೊದಲ ವಾರ ನಟ್ಟನಡುವೆ ನಿಂತು ಕಾಕಾ ಎಂದು ಕರೆದಾಗ ಮೆಕ್ಸಿಕೊದ ಕೆಲಸಗಾರರು ಕಲ್ಲಿನ ಹಿಂದೆ ಬಗ್ಗಿ ಬಗ್ಗಿ ನಕ್ಕಿದ್ದರು. ಅವರ ಭಾಷೆಯಲ್ಲಿ ಅದು ಮಕ್ಕಳು ಚಡ್ಡಿಯಲ್ಲಿ ಮಾಡಿಕೊಳ್ಳುವುದರ ಹೆಸರೆಂದು ಆಮೇಲೆ ತಿಳಿಯಿತು.

"ಯಾಕ ಹಂಗ ಬಡಿಗಿ ನುಂಗಿದವರಂಗ ನಿಂತಿ? ಶುರು ಮಾಡೂಣಲ್ಲ?" ಎಂದರು ಕಾಕಾ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ, ತಲೆಗೆ ಹಳದಿ ಹೆಲ್ಮೆಟ್ಟು. ಮದುವೆಗೆ ಹೊರಟವರಂತಿದ್ದರು. ಪರೀಕ್ಷೆ ಎಂದರೆ ಇಬ್ಬರೇ ಇರುತ್ತಾರೆ, ತಪ್ಪಾದರೆ ತಪ್ಪು ಇಬ್ಬರಲ್ಲೇ ಉಳಿಯುತ್ತದೆ ಎಂದುಕೊಂಡಿದ್ದ ನಿಧಿಯ ಲೆಕ್ಕ ಕೆಟ್ಟದ್ದು ಇಲ್ಲಿಯೇ. ಕಾಕೂ ಒಂದು ಪಾತ್ರೆ ಮಂಡಕ್ಕಿಯ ಗಿರ್ಮಿಟ್ಟು, ಒಂದು ಬುಟ್ಟಿ ಮಿರ್ಚಿ ಭಜಿ ತಂದಿದ್ದರು. ಅಡುಗೆಮನೆಯ ಕಟ್ಟೆಗೆ ಕಲ್ಲು ನೋಡಲು ಬಂದ ಲಲಿತಮ್ಮ ಆಂಟಿ, ಮೈಸೂರಿನ ಕಡೆಯವರು, ನಿವೃತ್ತ ಡಾಕ್ಟರು, ಕುರ್ಚಿ ಹಾಕಿಸಿಕೊಂಡು ಭಜಿಯ ತಟ್ಟೆ ಹಿಡಿದು ಕೂತುಬಿಟ್ಟಿದ್ದರು. ನಾಲ್ಕು ಜನ ಕೆಲಸಗಾರರು ಕೈ ಕಟ್ಟಿಕೊಂಡು ಸಾಲಾಗಿ ನಿಂತಿದ್ದರು. ಅವರಲ್ಲಿ ತುದಿಯವನು ರಮೀರೊ, ನಲವತ್ತರ ಹತ್ತಿರದ, ಕಡಿಮೆ ಮಾತಿನವನು. ಅವನ ಕಡೆ ನೋಡಬಾರದೆಂದು ನಿಧಿ ಹಾಳೆಯನ್ನು ನೋಡಿದಳು.

ಮೊದಲ ಸಾಲು: ಯಂತ್ರ ಏರುವ ಮೊದಲು ಅದನ್ನು ಸುತ್ತಿ ಬಂದು ಪರಿಶೀಲಿಸುವುದು. ಅವಳು ಅದನ್ನು ಓದಿ ಹೇಳುವಷ್ಟರಲ್ಲಿ ಕಾಕಾ ಕೈ ಮುಗಿದುಕೊಂಡು ಸುತ್ತತೊಡಗಿದ್ದರು. ಒಂದು ಸುತ್ತು. ಎರಡು. ಮೂರು. ಮೂರನೆಯದರಲ್ಲಿ ಕಾಕೂ ಕೂಡ ಹಿಂದೆ ಸೇರಿಕೊಂಡರು. ಇಷ್ಟು ಭಕ್ತಿಯಿಂದ ಯಾರೂ ಯಾವ ಯಂತ್ರವನ್ನೂ ಸುತ್ತಿರಲಿಕ್ಕಿಲ್ಲ. ಆಸ್ಟಿನ್ನಿನ ಮೇಷ್ಟರಿದ್ದಿದ್ದರೆ ಟೋಪಿ ತೆಗೆಯುತ್ತಿದ್ದರು. ಆದರೆ ಕಾಕಾನ ಎರಡೂ ಕಣ್ಣು ಮುಚ್ಚಿದ್ದವು.

"ಕಾಕಾ, ಕಣ್ಣು ತೆರದು ಸುತ್ತಬೇಕ್ರಿ," ಎಂದಳು ನಿಧಿ. ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಹೇಳಿದಳು. ಲಲಿತಮ್ಮ ಆಂಟಿಗೆ ಕೇಳಿತು.

"ಕಣ್ಣು ಬಿಟ್ಕೊಂಡು ಸುತ್ತಬೇಕಂತೆ, ಇರಣ್ಣನೋರೆ!"

"ಕಣ್ಣು ಮುಚ್ಚಿದ್ರೇನಾತ್ರೀ? ಮೂಗು ತೆರದೈತೆಲ್ಲ. ಎಣ್ಣಿ ಸೋರಿದ್ರ ವಾಸನಿ ಬರ್ತೈತಿ."

ನಿಧಿ ಟಿಪ್ಪಣಿಯ ಅಂಕಣದಲ್ಲಿ ಬರೆದಳು: ಮೂರು ಸಲ ಸುತ್ತಿದರು, ಏನನ್ನೂ ನೋಡಲಿಲ್ಲ, ಆದರೆ ಮನಸ್ಸಿಟ್ಟು. ಬರೆದ ಮೇಲೆ, ಇದು ರಾತ್ರಿ ದಿನಚರಿಯಲ್ಲಿ ಬರೆಯುವ ಮಾತು, ಇಲ್ಲೇಕೆ ಬಂತು ಎಂದು ನಾಚಿದಳು. ಪೆನ್ನು, ಒರೆಸುವಂತಿಲ್ಲ. ಕಾಕಾ ಮೇಲೇರಿ ಕೂತರು. ಸೀಟಿನ ಬೆಲ್ಟು ಎಲ್ಲಿ? ಅದನ್ನು ಅವರು ಯಾವ ಕಾಲದಲ್ಲೋ ಮಡಿಸಿ ಕೆಳಗೆ ಸೇರಿಸಿ, ಅದರ ಮೇಲೊಂದು ದಿಂಬು ಇಟ್ಟು, ದಿಂಬಿಗೆ ಕಾಕೂ ಕಸೂತಿ ಹಾಕಿದ ಕವರು ತೊಡಿಸಿ, ಇಷ್ಟು ವರ್ಷ ಅದರ ಮೇಲೆಯೇ ಕೂತಿದ್ದಾರೆ. ಕನ್ನಡಿಯಲ್ಲಿ ಹಿಂದಿನದು ಕಾಣಬೇಕು. ಕನ್ನಡಿಯ ನಡುವೆ ಕಾಕೂ ಇವತ್ತು ಮುಂಜಾನೆ ರೂಪಾಯಿಯಗಲದ ಕುಂಕುಮ ಇಟ್ಟಿದ್ದರು. ಎದುರಿನ ಚಾವಣಿ ಕಂಬಗಳಿಗೆ ಚೆಂಡುಹೂವಿನ ಮಾಲೆ. ಮಾಲೆಯ ಸಂದಿನಿಂದ ಕಾಕಾನ ಮುಖ ಬಾಸಿಂಗ ಕಟ್ಟಿದ ವರನ ಮುಖದಂತೆ ಇಣುಕುತ್ತಿತ್ತು. ಎಲ್ಲ ತಪ್ಪುಗಳೂ ಪ್ರೀತಿಯಿಂದ ಆದವು, ಆದ್ದರಿಂದಲೇ ಒಂದೊಂದಕ್ಕೂ ಅಡ್ಡಗೀಟು ಹಾಕುವಾಗ ನಿಧಿಗೆ ಯಾರದೋ ಬಟ್ಟೆ ಕಳಚುತ್ತಿದ್ದೇನೆ ಅನ್ನಿಸಿತು.

ನಿಂಬೆಹಣ್ಣು ಪಚಕ್ ಎಂದವು. ಕಾಕೂ ಕೈ ಮುಗಿದರು. ಕಾಕಾ ಚಂದವಾಗಿಯೇ ಓಡಿಸಿದರು; ಅದನ್ನು ಒಪ್ಪಬೇಕು. ಎರಡು ಕೊಂಬುಗಳನ್ನು ಕಲ್ಲಿನ ಪೆಟ್ಟಿಗೆಯ ಅಡಿಗೆ, ಬಿಸಿ ಹಂಚಿನಿಂದ ರೊಟ್ಟಿ ಎತ್ತುವವರ ಹಾಗೆ, ತಾಗಿಯೂ ತಾಗದಂತೆ ತೂರಿಸಿದರು. ಈ ಮನುಷ್ಯನಿಗೆ ಏನು ಕಲಿಸುವುದು ಎಂದು ಅವಳಿಗೆ ಕ್ಷಣಕಾಲ ಹಿಗ್ಗಾಯಿತು, ಪೆನ್ನು ಸಮರ್ಥರ ಕಡೆ ವಾಲಿತು. ಆಗ ಕಾಕಾ ಪೆಟ್ಟಿಗೆ ಬಿಟ್ಟು ಕೊಂಬಿಗೆ ತೂಗುಬಿಡುವ ಕಬ್ಬಿಣದ ಇಕ್ಕಳದಿಂದ ಬಿಡಿ ಹಾಸುಗಲ್ಲೊಂದನ್ನು ಎತ್ತಿದರು. ಕಲ್ಲನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಷ್ಟೇ ಹಿಡಿದು ನಡೆಯಬೇಕೆಂದು ಹದಿಮೂರನೆಯ ಸಾಲು ಹೇಳುತ್ತದೆ. ಕಾಕಾ ಎತ್ತುತ್ತಲೇ ಹೋದರು. ಸೊಂಟದ ಎತ್ತರ, ತಲೆಯ ಎತ್ತರ, ತಲೆಗಿಂತ ಮೇಲೆ. ಬೆಳಗಿನ ಬಿಸಿಲು ಕೆಂಪು ಕಲ್ಲಿನ ಮೇಲೆ ಬಿದ್ದು ಅದರೊಳಗಿನ ಗೆರೆಗಳು ಎದ್ದವು.

"ನೋಡ್ರೀ ಡಾಕ್ಟರ್ ಅಮ್ಮಾರ! ಈ ಗೆರಿ ನೋಡ್ರಿ. ಮಳ್ಯಾಗ ಬಿದ್ದ ಓಕಳಿ ಹರದಂಗ ಐತಿಲ್ಲ? ನಿಮ್ಮ ಕಟ್ಟಿಗೆ ಇದನ್ನ ಹಾಕ್ರಿ, ಬ್ಯಾರೇದ್ದು ನೋಡಬ್ಯಾಡ್ರಿ!"

"ಅಯ್ಯೋ ಎಷ್ಟು ಚೆನ್ನಾಗಿದೆ! ಸ್ವಲ್ಪ ಈ ಕಡೆ ತಿರುಗಿಸಿ!"

ಕಾಕಾ ಈ ಕಡೆ ತಿರುಗಿಸಿದರು. ಪರೀಕ್ಷೆ ಯಾರಿಗೂ ನೆನಪಿರಲಿಲ್ಲ. ಕಲ್ಲು ಮಾರುವವರೆಲ್ಲ ಗಿರಾಕಿ ಬಂದರೆ ಹೀಗೇ ಬಿಸಿಲಿಗೆ ಎತ್ತಿ ತೋರಿಸುತ್ತಾರೆ. ತಗ್ಗಿಸಿ ಹಿಡಿದ ಕಲ್ಲಿಗೆ ಬಣ್ಣವಿಲ್ಲ. ಹಾಗೆ ಎತ್ತಿಕೊಂಡೇ ಕಾಕಾ ಹೊರಟರು. ಪೇರಿಸಿದ ಕಲ್ಲಿನ ಎರಡು ಸಾಲುಗಳು ಕೂಡುವ ಮೂಲೆಗೆ ಬಂದರು. ಹದಿನೇಳನೆಯ ಸಾಲು: ಕೂಡುದಾರಿಯಲ್ಲಿ ಹಾರ್ನ್ ಮಾಡುವುದು. ನಿಧಿ ಹಾಳೆಯಿಂದ ತಲೆ ಎತ್ತಿದಳು. ಜುಲೈನಲ್ಲಿ ಇದೇ ಮೂಲೆ. ಅವಳು ಆಫೀಸಿನ ಕಿಟಕಿಯಲ್ಲಿ ಚಹಾ ಹಿಡಿದು ನಿಂತಿದ್ದಳು. ಎತ್ತರದಲ್ಲಿ ತೂಗಾಡುತ್ತ ಬಂದ ಕಲ್ಲು, ಆಚೆಯಿಂದ ಏನೋ ಗುನುಗುತ್ತ ಬಂದ ರಮೀರೊ, ಗಕ್ಕನೆ ನಿಂತ ಕಾಕಾನ ಗಾಡಿ, ಇಕ್ಕಳದಿಂದ ಜಾರಿ ನೆಲ ಮುಟ್ಟಿದ ಕಲ್ಲಿನ ಮೂಲೆ. ಅವನ ಎಡಗಾಲಿನ ಹೆಬ್ಬೆರಳು ಹದಿನೈದು ದಿನ ಬಟ್ಟೆಯೊಳಗಿತ್ತು. ಯಾರೋ ಕೇಳಿದಾಗ ಕಾರಿನ ಬಾಗಿಲು ಬಡಿಯಿತು ಎಂದ ರಮೀರೊ. ಹೌದಪಾ, ಕಾರಿನ ಬಾಗಿಲು ಬಹಳ ಕೆಟ್ಟದ್ದು ಎಂದರು ಕಾಕಾ, ಹೊಸ ಬೂಟು ಕೊಡಿಸಿದರು, ದಿನಾ ಮನೆಯಿಂದ ಊಟ ಕಳಿಸಿದರು. ಆ ಡಬ್ಬಿಯನ್ನು ಅವನಿಗೆ ಒಯ್ದು ಕೊಡುತ್ತಿದ್ದವಳು ನಿಧಿ. ನೋಡಿದ್ದೆ ಎಂದು ಅವಳು ಹೇಳಲಿಲ್ಲ. ದಿನಚರಿಯಲ್ಲಿ ಮೂರು ಪುಟ ಬರೆದಳು, ಅಕ್ಷರ ದುಂಡಗೆ ಬಂದಿತ್ತು. ಈಗ ಮೂಲೆ ಬಂತು. ಕಾಕಾ ಹಾರ್ನ್ ಮಾಡಲಿಲ್ಲ. "ಹ್ಞೂಂ" ಎಂದು ಗಂಟಲು ಕೆರೆದರು, ಅಷ್ಟೆ. ಅವರ ಲೋಕದಲ್ಲಿ ಹಿರಿಯರು ಬರುತ್ತಿದ್ದಾರೆಂದು ತಿಳಿಸಲು ಅಷ್ಟು ಸಾಕಿತ್ತು.

ಗಾಡಿ ತಿರುಗಿ ಬಂದು ನಿಂತಿತು. ಚಪ್ಪಾಳೆ. ಕಾಕಾ ಇಳಿದು ಭಜಿ ಬಾಯಿಗಿಟ್ಟುಕೊಂಡು ಕೈ ಚಾಚಿದರು. "ತಾ, ಎಲ್ಲಿ ಸಹಿ ಮಾಡಬೇಕು? ಕಾರ್ಡಿಗೆ ಫೋಟೋ ಹಳೇದ ಇರಲಿ, ಅದರಾಗ ಕೂದಲು ಅದಾವು."

ನಿಧಿ ಹಾಳೆ ಕೊಡಲಿಲ್ಲ. ಕೊಡಬೇಕೆಂದು ಚಾಚಿದ ಕೈ ತಾನಾಗಿ ಹಿಂದೆ ಬಂತು. ಮೊದಲು ಕಾಲು ಮುಟ್ಟಿ ನಮಸ್ಕಾರ ಮಾಡಿ ಆಮೇಲೆ ಹೇಳಿಬಿಡಲೇ ಎಂಬ ಹುಚ್ಚು ವಿಚಾರ ಬಂತು. ಬಗ್ಗಿಯೇ ಹೇಳಿದರೆ ಮುಖ ಕಾಣುವುದಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ರಮೀರೊ ಮಾತ್ರ ನೆಲ ನೋಡುತ್ತಿದ್ದ.

"ಆಗಿಲ್ರಿ, ಕಾಕಾ."

"ಏನು ಆಗಿಲ್ಲ?"

"ಪಾಸ್ ಆಗಿಲ್ರಿ." ಈ ಸಲ ದನಿ ಬೇಕಾದುದಕ್ಕಿಂತ ಜೋರಾಗಿ ಬಂತು, ಬೇಲಿಯಾಚೆ ಟಯರ್ ಅಂಗಡಿಯವನೂ ತಿರುಗಿ ನೋಡಿದ. ಒಮ್ಮೆ ಹೊರಬಿದ್ದ ದನಿ ನಿಲ್ಲಲಿಲ್ಲ. "ಬೆಲ್ಟಿಲ್ಲ, ಕಲ್ಲು ಮ್ಯಾಲೆ ಹಿಡದು ಓಡಿಸಿದ್ರಿ, ಮೂಲ್ಯಾಗ ಹಾರ್ನಿಲ್ಲ. ಜುಲೈದಾಗೂ ಹಿಂಗ ಆತು. ರಮೀರೊನ ಬೆರಳಿಗೆ ಬಡದದ್ದು ಕಾರಿನ ಬಾಗಿಲಲ್ಲ. ನಾ ಕಿಟಕ್ಯಾಗಿದ್ದೆ."

ಗಿರ್ಮಿಟ್ಟಿನ ಪಾತ್ರೆಯಲ್ಲಿ ಕಾಕೂನ ಚಮಚ ನಿಂತಿತು. ಕಾಕಾನ ಮುಖದಲ್ಲಿ ಸಿಟ್ಟು ಬರುತ್ತದೆಂದು ನಿಧಿ ಕಾದಳು, ಬರಲಿಲ್ಲ. ಹೋದ ವಾರ ಎರಡೇ ರೊಟ್ಟಿ ತಿಂದು ಎದ್ದಾಗಿನ ಮುಖವೇ ಬಂತು, ಅದು ಸಿಟ್ಟಿಗಿಂತ ಕೆಟ್ಟದ್ದು. ಅವರು ಹೆಲ್ಮೆಟ್ಟು ತೆಗೆದು ಅದರೊಳಗೆ ಏನೋ ಬರೆದಿದೆ ಎಂಬಂತೆ ನೋಡಿದರು. ಆಮೇಲೆ ಅದನ್ನು ಅವಳ ತಲೆಯ ಮೇಲಿಟ್ಟರು. ದೊಡ್ಡದಾಗಿ ಕಣ್ಣಿನವರೆಗೆ ಇಳಿಯಿತು.

"ಹಂಗಾದ್ರ ನೀ ಓಡಿಸಿ ತೋರಸು. ಹಾಳಿ ನನ್ನ ಕೈಯಾಗ ಕೊಡು. ಪರೀಕ್ಷಾ ತಗೊಳ್ಳಾಕ ನಮಗೂ ಬರ್ತೈತಿ."

ಅವಳು ಏರಿದಳು. ಮಾಲೆ ಬಿಚ್ಚಿದಳು, ಕುಂಕುಮ ಒರೆಸಿದಳು, ಕಾಕೂ ಅಯ್ಯ ಶಿವನೇ ಎಂದರು. ಕಸೂತಿಯ ದಿಂಬನ್ನು ಕೆಳಗಿಳಿಸಿ ಬೆಲ್ಟನ್ನು ಎಳೆದು ತೆಗೆದಾಗ ಮೂವತ್ತು ವರ್ಷದ ಧೂಳಿನ ಜೊತೆ ಒಂದು ಕಡ್ಲೆಬೀಜವೂ ಬಂತು. ಇಂಜಿನ್ನಿನ ನಡುಕ ಮೊಣಕೈಗೆ ಏರಿತು. ಕಲ್ಲನ್ನು ಒಂದು ಗೇಣಿಗೆ ಎತ್ತಿದಳು. ಕೋಟ್ಯಂತರ ವರ್ಷ ಹಳೆಯ ಆ ಭಾರ ಅವಳ ಎರಡು ಬೆರಳು ಹೇಳಿದಂತೆ ಕೇಳುತ್ತಿತ್ತು. ಯಾರಿಗೂ ಏನನ್ನೂ ಹೇಳಬೇಕಿರಲಿಲ್ಲ. ಸಂಜೆ ಅಪ್ಪನಿಗೆ ಫೋನು ಮಾಡಿ, ಕಾಕಾನ್ನ ಫೇಲ್ ಮಾಡಿದೆ ಅಂದರೆ ಅಪ್ಪ ಏನನ್ನುತ್ತಾರೆ? ಅನ್ನಲಿ. ಇಷ್ಟು ಜನ ನೋಡುತ್ತಿದ್ದಾರೆ, ನೋಡಲಿ. ಎಂದೂ ಇಲ್ಲದ ಒಂದು ಸೊಕ್ಕು, ಬೆಲ್ಲದ ಪಾಕದಂತೆ, ಕುತ್ತಿಗೆಯಿಂದ ಕೆಳಗೆ ಇಳಿಯಿತು. ಚಂದ ಓಡಿಸುತ್ತೇನೆ, ಎಷ್ಟು ಚಂದ ಓಡಿಸುತ್ತೇನೆ ಎನ್ನುತ್ತಲೇ ಅವಳು ಮೂಲೆಯನ್ನು ದಾಟಿದಳು.

"ಹಾರ್ನ್!" ಎಂದು ಕಾಕಾ ಚೀರಿದರು. ಅವರ ದನಿಯಲ್ಲಿ ಲಾಟರಿ ಹೊಡೆದವನ ಸಂತೋಷವಿತ್ತು. "ಹಾರ್ನ್ ಮಾಡ್ಲಿಲ್ಲ! ಹದಿನೇಳು ಹೋತು! ನೀನೂ ಫೇಲ್!"

ನಿಧಿ ಬ್ರೇಕ್ ಒತ್ತಿದಳು. ಮೂಲೆಯಾಚೆ ರಮೀರೊ ನಿಂತಿದ್ದ. ಅವಳು ಬರುವುದಕ್ಕೆ ಮೊದಲೇ ಅವನು ಎರಡು ಹೆಜ್ಜೆ ಹಿಂದೆ ಸರಿದು, ಕಲ್ಲಿಗೆ ಬೆನ್ನು ಹಚ್ಚಿ, ಕಾಲುಗಳನ್ನು ಒಳಗೆ ಎಳೆದುಕೊಂಡಿದ್ದ. ಮುಖದಲ್ಲಿ ಭಯವಿರಲಿಲ್ಲ, ದೂರೂ ಇರಲಿಲ್ಲ. ಮಳೆ ಬಂದರೆ ಜಗಲಿಗೆ ಸರಿಯುವಂತೆ ಸರಿದಿದ್ದ. ಈ ಮನೆಯವರ ಗಾಡಿ ಬಂದರೆ, ಮೇಲೆ ಯಾರೇ ಕೂತಿರಲಿ, ಎರಡು ಹೆಜ್ಜೆ. ತಾನು ಕಾಕಾನಿಗಿಂತ ಬೇರೆ ಎಂದು ದಿನಚರಿಯ ಎಷ್ಟು ಪುಟಗಳಲ್ಲಿ ಬರೆದುಕೊಂಡಿದ್ದಳೋ, ಅಷ್ಟನ್ನೂ ಅವನ ಎರಡು ಬೂಟುಗಳು ಓದಿಯೇ ಇರಲಿಲ್ಲ. ಅವಳು ಕಲ್ಲು ಇಳಿಸಿದಳು, ಕೀಲಿ ತೆಗೆದಳು, ಕೆಳಗಿಳಿದಳು.

ಕಾಕಾನ ಮುಖ ಅರಳಿತ್ತು. ಲಲಿತಮ್ಮ ಆಂಟಿ ಕೊನೆಯ ಭಜಿಯನ್ನು ಗಾಳಿಯಲ್ಲಿ ಹಿಡಿದು ಕೇಳಿದರು, "ಅಲ್ಲಮ್ಮಾ, ಇಬ್ಬರೂ ಫೇಲಾದರೆ ಪಾಸಾದೋರು ಯಾರು? ಗುರುವಾರ ಕಲ್ಲು ಇಳಿಸೋರು ಯಾರು?"

ಕಾಕಾನ ನಗೆ ನಿಂತಿತು. ನಿಜಕ್ಕೂ ಆ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ಮೂಲೆಯಿಂದ ಬಂದ ರಮೀರೊನ ಕೈಗೆ ನಿಧಿ ಕೀಲಿ ಕೊಟ್ಟಳು. ಕಾಕಾ ಊರಿಗೆ ಹೋದ ತಿಂಗಳುಗಳಲ್ಲಿ, ಕಾಕಾನ ಬೆನ್ನು ಹಿಡಿದ ವಾರಗಳಲ್ಲಿ, ಯಾರ್ಡಿನಲ್ಲಿ ಗಾಡಿ ಓಡಿಸಿದ್ದು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಅವನಿಗೊಂದು ಕಾರ್ಡು ಬೇಕು ಎಂಬುದು ಮಾತ್ರ ಯಾರಿಗೂ ತೋಚಿರಲಿಲ್ಲ.

"ಅವನ್ಗ?" ಎಂದರು ಕಾಕಾ.

"ಹೌದ್ರಿ. ಹಾಳಿ ಕೊಡ್ರಿ."

"ಫೇಲಾದಾಕಿ ಪಾಸ್ ಹ್ಯಾಂಗ ಮಾಡ್ತಿ?"

"ನೀವು ಪರೀಕ್ಷಕರಲ್ರಿ, ಕಾಕಾ. ನೀವು ಮಾಡಿದ ಫೇಲ್ ನಡೆಯೂದಿಲ್ಲ." ಹೇಳುವಾಗ ಅವಳ ಕಿವಿ ಕೆಂಪಾದವು, ನಿಯಮದ ಪ್ರಕಾರ ಮಾತು ನಿಜ, ಅದಕ್ಕೇ ನಾಚಿಕೆ. ಹೊಸ ಹಾಳೆ ತೆಗೆದು ಮೇಲೆ ಅವನ ಪೂರ್ತಿ ಹೆಸರು ಕೇಳಿದಳು. ರಮೀರೊ ನಾಲ್ಕು ಹೆಸರು ಹೇಳಿದ. ಮೂರು ವರ್ಷದಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ.

ಪರೀಕ್ಷೆ ಹನ್ನೊಂದು ನಿಮಿಷ ನಡೆಯಿತು, ನೋಡಲು ಬಹಳ ಬೇಸರದ ಪರೀಕ್ಷೆ. ಅವನು ಬಗ್ಗಿ ಟಯರು ನೋಡಿದ, ಎಣ್ಣೆ ನೋಡಿದ, ಬೆಲ್ಟು ಹಾಕಿದ, ಗೇಣಿಗೆ ಎತ್ತಿದ, ಮೂಲೆಯಲ್ಲಿ ಹಾರ್ನ್ ಮಾಡಿದ, ಇಳಿಸಿದ. ಲಲಿತಮ್ಮ ಆಂಟಿ ನಡುವೆ ಆಕಳಿಸಿದರು. ಕೊನೆಯಲ್ಲಿ ಅವನು ಕಾಕಾನಿಂದ ಕಲಿತ ಕನ್ನಡದ ಒಂದೇ ಶಬ್ದವನ್ನು ಕಾಕಾನಿಗೇ ಹೇಳಿದ, "ಸಾವಕಾಶ." ನಕ್ಕವರು ಕಾಕೂ ಒಬ್ಬರೇ. ನಿಧಿ ಮೊದಲ ಚೌಕಕ್ಕೆ ಗೀಟು ಹಾಕಿದಳು, ಟಿಪ್ಪಣಿಯಲ್ಲಿ ಏನೂ ಬರೆಯಲಿಲ್ಲ. ಆಫೀಸಿನ ಬಿಳಿ ಗೋಡೆಗೆ ನಿಲ್ಲಿಸಿ ಫೋಟೋ ತೆಗೆದಾಗ ರಮೀರೊ ಅಂಗಿಯ ಕಾಲರು ಸರಿಮಾಡಿಕೊಂಡ. ಯಂತ್ರದಿಂದ ಬೆಚ್ಚಗೆ ಹೊರಬಂದ ಕಾರ್ಡನ್ನು ಕಿಸೆಗೆ ಹಾಕದೆ ಊಟದ ಹೊತ್ತಿನವರೆಗೂ ಅಂಗೈಯಲ್ಲೇ ಇಟ್ಟುಕೊಂಡಿದ್ದ.

ಮನೆಯಲ್ಲಿ ಕಾಕಾ ಮೊದಲ ದಿನ ಎರಡು ರೊಟ್ಟಿ ತಿಂದರು, ಎರಡನೆಯ ದಿನ ಮೂರು. ಸಂಗಮೇಶ್ ಫೋನು ಮಾಡಿ, ನಿಧಿ, ನೀ ಏನು ಮಾಡಿದಿ ಅಂತ ಗೊತ್ತೈತೇನು, ಸುಮ್ನ ಒಂದು ಸಹಿಲೇ ಮುಗೀತಿತ್ತಲ್ಲ ಎಂದ. ಗೊತ್ತೈತಿ ಎಂದಳು. ಅಷ್ಟೇ ಹೇಳಿ ಫೋನಿಟ್ಟಳು. ಗುರುವಾರ ಮುಂಜಾನೆ ಟ್ರಕ್ಕು ಹೊರಡುವಾಗ ಕಾಕಾ ಯಾರೂ ಕರೆಯದೆ ಬಂದು ಕಿಟಕಿಯ ಪಕ್ಕ ಕೂತರು. ಕಲ್ಲು ನಂದು, ಕಲ್ಲಿನ ಕೂಡ ನಾ ಹೋಗ್ತೀನಿ ಎಂದರು. ನಡುವೆ ನಿಧಿ, ಆಚೆ ಸ್ಟಿಯರಿಂಗ್ ಹಿಡಿದ ರಮೀರೊ. ಪೇರ್ಲ್ಯಾಂಡಿನವರೆಗೂ ಮೂವರೂ ರೇಡಿಯೋದವನ ಹವಾಮಾನ ಕೇಳಿದರು.

ಗೇಟಿನಲ್ಲಿ ಅದೇ ಸೆಕ್ಯೂರಿಟಿಯವನು. ರಮೀರೊನ ಕಾರ್ಡನ್ನು ಬಿಸಿಲಿಗೆ ಹಿಡಿದ, ಮರಳಿಸಿದ. ನಿಧಿಯ ಪರೀಕ್ಷಕರ ಕಾರ್ಡನ್ನು ನೋಡಿದ. ಆಮೇಲೆ ಕಿಟಕಿಯ ಪಕ್ಕದ ಬಿಳಿ ಮೀಸೆಯ ಕಡೆ ಗದ್ದ ಎತ್ತಿ, ಹೋದ ವಾರದ ಗುರುತು ಹತ್ತದೆ, ಈ ಯಜಮಾನರು ಯಾರು ಎಂದು ಕೇಳಿದ. ನಿಧಿ ಮಾಲೀಕರು ಎನ್ನಲು ಬಾಯಿ ತೆರೆದಳು. ಮಾಲೀಕರೆಂದರೆ ಇನ್ನೇನು ಕಾಗದ ಕೇಳುತ್ತಾನೋ, ಮತ್ತೆ ಎಷ್ಟು ಸಲ ಸರ್ ಎನ್ನುತ್ತಾನೋ. ಅಷ್ಟರಲ್ಲಿ ರಮೀರೊ ಮುಖದ ಒಂದು ನರವನ್ನೂ ಅಲುಗಿಸದೆ ಹೇಳಿದ, "ಹೆಲ್ಪರ್."

ನಿಧಿ ಕಾಕಾನನ್ನು ನೋಡಲಿಲ್ಲ. ಡ್ಯಾಶ್‌ಬೋರ್ಡನ್ನೇ ನೋಡುತ್ತ ಕೂತಳು. ಸೆಕ್ಯೂರಿಟಿಯವನು ಹಾಗೆಯೇ ಬರೆದುಕೊಂಡು, ಕಿತ್ತಳೆ ಬಣ್ಣದ ಜಾಕೀಟೊಂದನ್ನು ಕಿಟಕಿಯೊಳಗೆ ಚಾಚಿದ. ಕಾಕಾ ಅದನ್ನು ತೆಗೆದುಕೊಂಡರು, ತಿರುವಿ ನೋಡಿದರು, ಇಸ್ತ್ರಿಯ ಅಂಗಿಯ ಮೇಲೆ ತೊಟ್ಟು ಗುಂಡಿ ಹಾಕಿಕೊಂಡರು. ಗೇಟು ತೆರೆಯಿತು. ಟ್ರಕ್ಕು ಒಳಗೆ ಬಂದ ಮೇಲೆ ಅವರು ಅವಳ ಕಿವಿಯ ಹತ್ತಿರ ಬಾಗಿದರು.

"ಹೆಲ್ಪರ್‌ಗೆ ಕಾರ್ಡ ಬೇಕಾಗಿಲ್ಲಂತ?"

"ಇಲ್ರಿ."

"ಮೊದ್ಲ ಹೇಳಬಾರದೇನು, ಮಳ್ಳಿ? ಸುಮ್ನ ಎರಡು ನಿಂಬಿಹಣ್ಣು ಹೋದುವು."

ಕಲ್ಲು ಇಳಿಯತೊಡಗಿತು. ರಮೀರೊ ಫೋರ್ಕ್‌ಲಿಫ್ಟಿನ ಮೇಲಿನಿಂದ ಕೈ ಬೀಸಿ ಕಾಕಾನಿಗೆ ಪಕ್ಕಕ್ಕೆ ಸರಿಯಲು ಹೇಳಿದ. ಕಾಕಾ ಒಂದು ಹೆಜ್ಜೆ ಸರಿದು ಸೊಂಟಕ್ಕೆ ಕೈಯಿಟ್ಟು ನಿಂತರು. ರಮೀರೊ ಎತ್ತಿದ ಕಲ್ಲನ್ನು ಹಾಗೇ ಒಂದು ಗೇಣಿನಲ್ಲಿ ನಿಲ್ಲಿಸಿ, ಇನ್ನೂ, ಎಂದು ಅಂಗೈ ತೋರಿಸಿದ. ಕಾಕಾ ನಿಧಿಯ ಕಡೆ ನೋಡಿದರು. ಅವಳು ತನಗೇನೂ ಗೊತ್ತಿಲ್ಲವೆಂಬಂತೆ ಆಕಾಶ ನೋಡಿದಳು. ಕಾಕಾ ಮತ್ತೊಂದು ಹೆಜ್ಜೆ ಸರಿದರು.